ತೊಡೆಯ ಗಂಟಿಗೆ ಮೊದಲ ಚಾಕು ಎಲ್ಲಿ? ಸಾರ್ಕೋಮಾ ಚಿಕಿತ್ಸೆ ಮತ್ತು ಗಲ್ಫ್ ಕಾರ್ಮಿಕರ ಲೆಕ್ಕಾಚಾರ

2025ರ ಜನವರಿ 1ರಿಂದ ಶಾರ್ಜಾ, ಅಜ್ಮಾನ್, ಉಮ್ಮುಲ್ ಕುವೈನ್, ರಾಸ್ ಅಲ್ ಖೈಮಾ ಮತ್ತು ಫುಜೈರಾದಲ್ಲೂ ಖಾಸಗಿ ಕಂಪನಿ ನೌಕರರಿಗೆ, ಮನೆಕೆಲಸದವರಿಗೆ ಆರೋಗ್ಯ ವಿಮೆ ಕಡ್ಡಾಯವಾಯಿತು. ಅಬುಧಾಬಿ ಮತ್ತು ದುಬೈಯಲ್ಲಿ ಈ ನಿಯಮ ಮೊದಲೇ ಇತ್ತು. ವರ್ಷಕ್ಕೆ 320 ದಿರ್ಹಮ್‌ನ ಮೂಲ ಪ್ಯಾಕೇಜ್‌ನಲ್ಲಿ ಆಸ್ಪತ್ರೆಗೆ ದಾಖಲಾದರೆ ಬಿಲ್ಲಿನ ಶೇ. 20ರಷ್ಟನ್ನು ರೋಗಿ ಕೊಡಬೇಕು. ಅದೂ ಒಂದು ಸಲಕ್ಕೆ 500 ದಿರ್ಹಮ್, ವರ್ಷಕ್ಕೆ 1,000 ದಿರ್ಹಮ್ ಮೀರುವಂತಿಲ್ಲ. ಜ್ವರಕ್ಕೂ ಪನಡಾಲ್ ನುಂಗಿ ಡ್ಯೂಟಿಗೆ ಹೋಗುತ್ತಿದ್ದವರ ಪಾಲಿಗೆ ಇದು ಸಣ್ಣ ಬದಲಾವಣೆಯಲ್ಲ.

ಆದರೆ ಕಾರ್ಡ್ ಕೈಗೆ ಬಂದ ಮೇಲೆ ಕ್ಲಿನಿಕ್‌ಗೆ ಹೋಗುವುದು ಸುಲಭ, ಸರಿಯಾದ ಕಡೆ ಹೋಗುವುದು ಇನ್ನೂ ಕಷ್ಟ. ಇದು ಎದ್ದು ಕಾಣುವುದು ಸಾರ್ಕೋಮಾ ಎಂಬ ಕ್ಯಾನ್ಸರ್‌ನಲ್ಲಿ. ಈ ಕಾಯಿಲೆಯಲ್ಲಿ ಮೊದಲ ಆಪರೇಷನ್ ಎಲ್ಲಿ ಆಯಿತು, ಹೇಗೆ ಆಯಿತು ಎಂಬುದರ ಮೇಲೆ ಕಾಲು ಉಳಿಯುವುದೂ, ಕೆಲವೊಮ್ಮೆ ಜೀವ ಉಳಿಯುವುದೂ ನಿಂತಿರುತ್ತದೆ. ತಪ್ಪಾಗಿ ಕೊಯ್ದ ಗಂಟನ್ನು ಮತ್ತೆ ಸರಿಮಾಡಲು ಹೊರಟರೆ ರೋಗಿ ಹೆಚ್ಚಿನ ಬೆಲೆ ತೆರಬೇಕಾಗುತ್ತದೆ.

ಅಪರೂಪದ ಕಾಯಿಲೆ, ಮಾಮೂಲಿ ಗಂಟು

ಸಾರ್ಕೋಮಾ ಎಂದರೆ ಮೂಳೆ, ಸ್ನಾಯು, ಕೊಬ್ಬು, ರಕ್ತನಾಳ, ನರದ ಹೊದಿಕೆ ಮುಂತಾದ ಅಂಗಾಂಶಗಳಲ್ಲಿ ಹುಟ್ಟುವ ಕ್ಯಾನ್ಸರ್. ವಯಸ್ಕರಲ್ಲಿ ಕಾಣುವ ಕ್ಯಾನ್ಸರ್‌ಗಳಲ್ಲಿ ಇದರ ಪಾಲು ಸುಮಾರು ಶೇ. 1 ಮಾತ್ರ. ಅದರೊಳಗೇ 70ಕ್ಕೂ ಹೆಚ್ಚು ಬಗೆಗಳಿವೆ. ಹಾಗಾಗಿ ಒಬ್ಬ ಸಾಮಾನ್ಯ ಸರ್ಜನ್ ತನ್ನ ಇಡೀ ವೃತ್ತಿಯಲ್ಲಿ ಕೆಲವೇ ಕೇಸ್ ನೋಡಿರಬಹುದು. ಅದು ಆ ವೈದ್ಯರ ತಪ್ಪಲ್ಲ, ಕಾಯಿಲೆಯೇ ಅಪರೂಪ.

ತೊಂದರೆ ಏನೆಂದರೆ ಇದು ಹೊರಗಿನಿಂದ ಮಾಮೂಲಿ ಗಂಟಿನ ಹಾಗೆಯೇ ಕಾಣುತ್ತದೆ. ಬೆನ್ನು, ತೋಳು, ತೊಡೆಯಲ್ಲಿ ಕಾಣುವ ಗಂಟುಗಳಲ್ಲಿ ಬಹುಪಾಲು ನಿರಪಾಯಕಾರಿ ಕೊಬ್ಬಿನ ಗಂಟು, ಅಂದರೆ ಲೈಪೋಮಾ. ಸ್ಕ್ಯಾಫೋಲ್ಡಿಂಗ್ ಕೆಲಸದವನಿಗೆ ತೊಡೆ ಊದಿಕೊಂಡರೆ "ಏನೋ ಪೆಟ್ಟು ಬಿದ್ದಿರಬೇಕು ಮಾರಾಯ" ಎನ್ನುತ್ತಾರೆ ರೂಮಿನವರು. "ನೋವಿಲ್ಲ ಅಂದ್ಮೇಲೆ ಏನಾಗಂಗಿಲ್ಲ ಬಿಡು" ಎಂಬ ಸಮಾಧಾನವೂ ಸಿಗುತ್ತದೆ. ಆದರೆ ಮೃದು ಅಂಗಾಂಶದ ಸಾರ್ಕೋಮಾ ಬಹಳ ಸಲ ನೋವೇ ಇಲ್ಲದೆ ಬೆಳೆಯುತ್ತದೆ. ನೋವಿಲ್ಲ ಎಂಬುದು ಸಮಾಧಾನಪಡಲು ಕಾರಣವಲ್ಲ.

ತಜ್ಞರು ಎಚ್ಚರಿಕೆಯ ಗುರುತಾಗಿ ನೋಡುವುದು ನಾಲ್ಕು ವಿಷಯ. ಗಂಟು 5 ಸೆಂಟಿಮೀಟರ್‌ಗಿಂತ ದೊಡ್ಡದಿದೆಯೇ, ಅಂದರೆ ಒಂದು ದೊಡ್ಡ ನಿಂಬೆಹಣ್ಣಿನಷ್ಟಿದೆಯೇ? ದಿನೇದಿನೇ ಬೆಳೆಯುತ್ತಿದೆಯೇ? ಚರ್ಮದಡಿ ಜಾರದೆ ಆಳದಲ್ಲಿ, ಸ್ನಾಯುವಿನೊಳಗೆ ಗಟ್ಟಿಯಾಗಿ ಕೂತಿದೆಯೇ? ನೋವು ಶುರುವಾಗಿದೆಯೇ? ಇನ್ನೊಂದು ಸಂಗತಿಯನ್ನೂ ಸೇರಿಸಬೇಕು: ಒಮ್ಮೆ ತೆಗೆದ ಗಂಟು ಅದೇ ಜಾಗದಲ್ಲಿ ಮತ್ತೆ ಬಂದಿದೆಯೇ? ಇವುಗಳಲ್ಲಿ ಒಂದಕ್ಕೆ "ಹೌದು" ಎಂಬ ಉತ್ತರ ಬಂದರೂ ಸ್ಕ್ಯಾನ್ ಆಗಲೇಬೇಕು.

"ವೀಸಾ ಮೆಡಿಕಲ್ ಪಾಸ್ ಆಗಿದೆಯಲ್ಲ" ಎನ್ನುವವರೂ ಇದ್ದಾರೆ. ಆ ಮೆಡಿಕಲ್‌ನಲ್ಲಿ ತೆಗೆಯುವ ಎದೆಯ ಎಕ್ಸ್-ರೇ ಕ್ಷಯರೋಗ ಹುಡುಕಲು. ತೊಡೆಯ ಗಂಟಿಗೂ ಅದಕ್ಕೂ ಸಂಬಂಧವಿಲ್ಲ.

ಹತ್ತು ನಿಮಿಷದ ಕೆಲಸ ಎಂಬ ಮಾತು

ಈಗ ಅಸಲು ವಿಷಯ. ಗಂಟಿರುವ ಕಾರ್ಮಿಕ ಸಾಮಾನ್ಯವಾಗಿ ಎರಡರಲ್ಲಿ ಒಂದು ಮಾಡುತ್ತಾನೆ. ಒಂದೋ "ನಾಲ್ಕು ತಿಂಗಳಲ್ಲಿ ವೆಕೇಶನ್ ಇದೆ, ಊರಿಗೆ ಹೋಗಿ ತೋರಿಸ್ತೇನೆ" ಎಂದು ಮುಂದೂಡುತ್ತಾನೆ. ಇಲ್ಲವೇ ಹತ್ತಿರದ ಕ್ಲಿನಿಕ್‌ಗೆ ಹೋಗಿ, ಅಲ್ಲೇ ಮರಗಟ್ಟುವ ಇಂಜೆಕ್ಷನ್ ಹಾಕಿಸಿಕೊಂಡು ಗಂಟು ತೆಗೆಸುತ್ತಾನೆ. ಹತ್ತು ನಿಮಿಷದ ಕೆಲಸ, ಮರುದಿನ ಡ್ಯೂಟಿ. ಲೈಪೋಮಾ ಆಗಿದ್ದರೆ ಎರಡನೆಯ ದಾರಿಯಲ್ಲಿ ತೊಂದರೆಯಿಲ್ಲ. ಸಾರ್ಕೋಮಾ ಆಗಿದ್ದರೆ ಎರಡೂ ದಾರಿ ಅಪಾಯದವೇ.

ಸಾರ್ಕೋಮಾ ಗಡ್ಡೆಯ ಸುತ್ತ ಒಂದು ಪೊರೆ ಇರುವಂತೆ ಕಾಣುತ್ತದೆ. ಕಿತ್ತಳೆಯ ತೊಳೆ ಬಿಡಿಸಿದ ಹಾಗೆ ಸಲೀಸಾಗಿ ಹೊರಬರುತ್ತದೆ. ಸರ್ಜನ್‌ಗೂ ರೋಗಿಗೂ "ಪೂರ್ತಿ ಬಂತು" ಅನ್ನಿಸುತ್ತದೆ. ಆದರೆ ಆ ಪೊರೆ ನಿಜವಾದ ಗೋಡೆಯಲ್ಲ. ಅದರಾಚೆಗೂ ಕ್ಯಾನ್ಸರ್ ಕಣಗಳು ಚಾಚಿಕೊಂಡಿರುತ್ತವೆ. ಗಡ್ಡೆಯನ್ನು ಮಾತ್ರ ಬಿಡಿಸಿ ತೆಗೆದರೆ ಬೇರು ಅಲ್ಲೇ ಉಳಿಯುತ್ತದೆ. ವಾರದ ನಂತರ ಪ್ಯಾಥಾಲಜಿ ವರದಿ ಬಂದಾಗಲೇ "ಇದು ಸಾರ್ಕೋಮಾ" ಎಂದು ಗೊತ್ತಾಗುವುದು. ಹೀಗೆ ಯೋಜನೆಯಿಲ್ಲದೆ ಗಡ್ಡೆ ತೆಗೆಸಿಕೊಂಡು ಬಂದವರಲ್ಲಿ ಬಹಳ ಜನಕ್ಕೆ, ಎರಡನೇ ಆಪರೇಷನ್ ಮಾಡಿದಾಗ ಉಳಿದ ಕ್ಯಾನ್ಸರ್ ಸಿಗುತ್ತದೆ. ಅದು ಎಲ್ಲ ದೊಡ್ಡ ಕೇಂದ್ರಗಳ ಅನುಭವ.

ಎರಡನೇ ಆಪರೇಷನ್ ಮೊದಲಿನದಕ್ಕಿಂತ ದೊಡ್ಡದು. ಮೊದಲು ಕೊಯ್ದ ಗಾಯದ ಗುರುತು, ಹೊಲಿಗೆಯ ಜಾಗ, ರಕ್ತ ಹೋಗಲು ಇಟ್ಟ ಡ್ರೈನ್ ಕೊಳವೆಯ ತೂತು, ಒಳಗೆ ರಕ್ತ ಹರಡಿದ ಜಾಗ ಎಲ್ಲವನ್ನೂ ಕ್ಯಾನ್ಸರ್ ತಾಗಿದ್ದೆಂದೇ ತಿಳಿದು ತೆಗೆಯಬೇಕಾಗುತ್ತದೆ. ಕಾಲಿನ ಉದ್ದಕ್ಕೆ ಗೆರೆ ಹಾಕಿ ಕೊಯ್ದಿದ್ದರೆ ಸ್ವಲ್ಪ ಅನುಕೂಲ. ಅಡ್ಡಕ್ಕೆ ಕೊಯ್ದಿದ್ದರೆ ತೆಗೆಯಬೇಕಾದ ಚರ್ಮ, ಸ್ನಾಯು ಹೆಚ್ಚುತ್ತದೆ. ಆಗ ಬೇರೆ ಕಡೆಯಿಂದ ಚರ್ಮ, ಮಾಂಸ ತಂದು ಮುಚ್ಚಲು ಪ್ಲಾಸ್ಟಿಕ್ ಸರ್ಜನ್ ಬೇಕು. ಉಳಿಯಬಹುದಾಗಿದ್ದ ಕಾಲನ್ನು ತೆಗೆಯಬೇಕಾದ ಸಂದರ್ಭವೂ ಬರಬಹುದು.

ಆದ್ದರಿಂದ ಕ್ರಮ ಹೀಗಿರಬೇಕು: ಮೊದಲು ಎಂಆರ್‌ಐ, ನಂತರ ದಪ್ಪ ಸೂಜಿಯಿಂದ ತುಣುಕು ತೆಗೆಯುವ ಕೋರ್ ಬಯಾಪ್ಸಿ, ಆಮೇಲೆ ಶ್ವಾಸಕೋಶದ ಸಿಟಿ ಸ್ಕ್ಯಾನ್, ಕೊನೆಗೆ ಚಿಕಿತ್ಸೆಯ ಯೋಜನೆ. ಬಯಾಪ್ಸಿಗಿಂತ ಮೊದಲೇ ಎಂಆರ್‌ಐ ಆಗಬೇಕು. ಸೂಜಿ ಚುಚ್ಚಿದ ಮೇಲೆ ರಕ್ತ ಸೇರಿ ಚಿತ್ರ ಕಲಸಿಹೋಗುತ್ತದೆ. ಸೂಜಿ ಯಾವ ದಿಕ್ಕಿನಿಂದ ಹೋಗಬೇಕು ಎಂಬುದನ್ನೂ ಮುಂದೆ ಆಪರೇಷನ್ ಮಾಡುವ ತಂಡವೇ ಹೇಳಬೇಕು, ಏಕೆಂದರೆ ಆ ಸೂಜಿಯ ದಾರಿಯನ್ನೂ ಗಡ್ಡೆಯ ಜೊತೆ ತೆಗೆಯುತ್ತಾರೆ. "ಸೂಜಿ ತಾಗಿದರೆ ಕ್ಯಾನ್ಸರ್ ಹರಡುತ್ತೆ" ಎಂಬ ಹೆದರಿಕೆ ಊರಲ್ಲೂ ಕ್ಯಾಂಪ್‌ನಲ್ಲೂ ಇದೆ. ಸರಿಯಾಗಿ ಯೋಜಿಸಿ ಮಾಡಿದ ಬಯಾಪ್ಸಿಗೆ ಹೆದರಬೇಕಿಲ್ಲ. ಹೆದರಬೇಕಾದದ್ದು ಬಯಾಪ್ಸಿ ಇಲ್ಲದೆ ಹಾಕುವ ಚಾಕುವಿಗೆ.

ಎಣ್ಣೆ ತಿಕ್ಕಿಸುವುದು, ನಾಟಿ ಮದ್ದು ಕಟ್ಟಿಸುವುದು, ಬಿಸಿ ಶಾಖ ಕೊಡುವುದು ಕೂಡ ಈ ಗಂಟಿಗೆ ಆಗದು. ಅದರಿಂದ ಗಂಟು ಕರಗುವುದಿಲ್ಲ, ತಿಂಗಳುಗಳು ಕರಗುತ್ತವೆ.

ಕ್ಯಾನ್ಸರ್ ಅಂದರೆ ಕಾಲು ಹೋಯಿತೇ?

ಮನೆಯವರು ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ ಇದೇ. ಐವತ್ತು ವರ್ಷದ ಹಿಂದೆ ಇದಕ್ಕೆ ಉತ್ತರ ಬಹುತೇಕ "ಹೌದು" ಎಂದೇ ಇತ್ತು. ಕೆನಡಾದ ಟೆರಿ ಫಾಕ್ಸ್‌ಗೆ 1977ರಲ್ಲಿ ಮೂಳೆಯ ಸಾರ್ಕೋಮಾ ಬಂದಾಗ ಮೊಣಕಾಲಿನ ಮೇಲಿನಿಂದ ಬಲಗಾಲು ತೆಗೆದರು. 1980ರಲ್ಲಿ ಆತ ಕೃತಕ ಕಾಲಿನಲ್ಲಿ 143 ದಿನ, 5,373 ಕಿಲೋಮೀಟರ್ ಓಡಿ ಕ್ಯಾನ್ಸರ್ ಸಂಶೋಧನೆಗೆ ಹಣ ಕೂಡಿಸಿದ. ಕಾಯಿಲೆ ಶ್ವಾಸಕೋಶಕ್ಕೆ ಹರಡಿದ್ದರಿಂದ ಓಟ ನಿಂತಿತು. 1981ರ ಜೂನ್‌ನಲ್ಲಿ, 22ನೇ ವಯಸ್ಸಿನಲ್ಲಿ ತೀರಿಕೊಂಡ. ದುಬೈ, ಅಬುಧಾಬಿಯಲ್ಲಿ ಟೆರಿ ಫಾಕ್ಸ್ ರನ್ ಟೀ ಶರ್ಟ್ ಹಾಕಿ ಓಡಿದ ಕನ್ನಡಿಗರೂ ಇದ್ದಾರೆ. ಆದರೆ ಆತನಿಗಿದ್ದದ್ದು ಇದೇ ಕಾಯಿಲೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಆ ಕಾಲದ ನಂತರ ಲೆಕ್ಕ ಬದಲಾಗಿದೆ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ 43 ರೋಗಿಗಳನ್ನು ಎರಡು ಗುಂಪು ಮಾಡಿ ನಡೆಸಿದ ಒಂದು ಅಧ್ಯಯನ 1982ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಕೈ ಅಥವಾ ಕಾಲು ತೆಗೆದರು. ಇನ್ನೊಂದಕ್ಕೆ ಗಡ್ಡೆಯನ್ನು ಸುತ್ತಲಿನ ಆರೋಗ್ಯವಂತ ಮಾಂಸದ ಸಮೇತ ತೆಗೆದು ವಿಕಿರಣ ಕೊಟ್ಟರು. ಎರಡನೆಯ ಗುಂಪಿನಲ್ಲಿ ಅದೇ ಜಾಗದಲ್ಲಿ ಮತ್ತೆ ಗಡ್ಡೆ ಬಂದದ್ದು ಸ್ವಲ್ಪ ಹೆಚ್ಚು. ಆದರೆ ಬದುಕುಳಿದವರ ಲೆಕ್ಕದಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಕಾಲು ಕಳೆದುಕೊಂಡರೂ ಹೆಚ್ಚುವರಿ ಆಯಸ್ಸು ಸಿಗುವುದಿಲ್ಲ ಎಂದ ಮೇಲೆ ಕಾಲು ಉಳಿಸುವುದೇ ಮೊದಲ ಆಯ್ಕೆಯಾಯಿತು. ಇಂದು ಅನುಭವಿ ಕೇಂದ್ರಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ರೋಗಿಗಳ ಕೈಕಾಲು ಉಳಿಸಲು ಸಾಧ್ಯವಾಗುತ್ತಿದೆ.

ಹಾಗಾದರೆ ಇಂದಿನ ಆಯ್ಕೆಗಳು ಯಾವುವು?

ಮೊದಲನೆಯದು, ಅಗಲ ಅಂಚಿನ ಶಸ್ತ್ರಚಿಕಿತ್ಸೆ. ಗಡ್ಡೆಯನ್ನು ಎಲ್ಲೂ ಒಡೆಯದೆ, ಸುತ್ತ ಒಂದು ಪದರ ಒಳ್ಳೆಯ ಮಾಂಸದ ಸಮೇತ ಒಂದೇ ತುಂಡಾಗಿ ತೆಗೆಯುತ್ತಾರೆ. ಪ್ಯಾಥಾಲಜಿ ವರದಿಯಲ್ಲಿ ಅಂಚು "ನೆಗೆಟಿವ್" ಎಂದು ಬಂದರೆ ಅಂಚಿನಲ್ಲಿ ಕ್ಯಾನ್ಸರ್ ಕಣ ಕಾಣಲಿಲ್ಲ ಎಂದರ್ಥ. ಗಡ್ಡೆ ಚಿಕ್ಕದು, ಮೇಲ್ಭಾಗದ್ದು, ನಿಧಾನದ ಬಗೆಯದು ಆಗಿದ್ದರೆ ಇಷ್ಟೇ ಸಾಕಾಗಬಹುದು.

ಎರಡನೆಯದು, ಶಸ್ತ್ರಚಿಕಿತ್ಸೆಯ ಜೊತೆ ವಿಕಿರಣ. ಗಡ್ಡೆ ದೊಡ್ಡದು, ಆಳದ್ದು, ವೇಗದ ಬಗೆಯದು ಆಗಿದ್ದರೆ ಇದು ಬೇಕಾಗುತ್ತದೆ. ಆಪರೇಷನ್‌ಗೆ ಮೊದಲೇ ಕೊಡುವುದಾದರೆ ಸಾಮಾನ್ಯವಾಗಿ 25 ದಿನದ ಡೋಸ್, ಅಂದರೆ ಐದು ವಾರ. ನಂತರ ನಾಲ್ಕರಿಂದ ಆರು ವಾರ ಬಿಟ್ಟು ಆಪರೇಷನ್. ಮೊದಲೇ ಕೊಟ್ಟರೆ ಗಾಯ ಒಣಗಲು ತೊಂದರೆ ಹೆಚ್ಚು. ಆಮೇಲೆ ಕೊಟ್ಟರೆ ಡೋಸ್ ಹೆಚ್ಚು ಬೇಕು, ವರ್ಷಗಳ ನಂತರ ಕಾಲು ಬಿಗಿಯಾಗುವುದು, ಊದಿಕೊಳ್ಳುವುದು ಹೆಚ್ಚು. ದಿನವಿಡೀ ನಿಂತು ಕೆಲಸ ಮಾಡುವವರು ಈ ವ್ಯತ್ಯಾಸವನ್ನು ವೈದ್ಯರ ಜೊತೆ ಬಾಯಿಬಿಟ್ಟು ಮಾತಾಡಬೇಕು.

ಮೂರನೆಯದು, ಅಂಗಚ್ಛೇದನ. ಮುಖ್ಯ ರಕ್ತನಾಳ ಮತ್ತು ನರಗಳನ್ನೆಲ್ಲ ಗಡ್ಡೆ ಸುತ್ತಿಕೊಂಡಿದ್ದರೆ, ಗಡ್ಡೆ ಒಡೆದು ಸೋಂಕಾಗಿದ್ದರೆ, ಮತ್ತೆ ಮತ್ತೆ ಅಲ್ಲೇ ಬರುತ್ತಿದ್ದರೆ, ಉಳಿಸಿದ ಕಾಲು ಕೆಲಸಕ್ಕೇ ಬಾರದು ಎಂದಾದರೆ ಇದು ಬೇಕಾಗುತ್ತದೆ. ಇದನ್ನು ಸೋಲು ಎಂದು ನೋಡಬೇಕಿಲ್ಲ. ಒಳ್ಳೆಯ ಕೃತಕ ಕಾಲಿನಲ್ಲಿ ನಡೆದು, ದುಡಿದು ಬದುಕುವವರು ಬೇಕಾದಷ್ಟಿದ್ದಾರೆ. ಆದರೆ ಅನುಭವಿ ಕೇಂದ್ರದಲ್ಲಿ ಎರಡನೇ ಅಭಿಪ್ರಾಯ ಕೇಳದೆ ಇದಕ್ಕೆ ಸಹಿ ಹಾಕಬಾರದು. ಹಾಗೆಯೇ, ಅಂಗಚ್ಛೇದನವೇ ಸರಿ ಎಂದು ತಜ್ಞ ತಂಡ ಹೇಳಿದ ಮೇಲೂ ಬೇಡವೆಂದು ತಪ್ಪಿಸಿಕೊಂಡು ತಿರುಗುವುದು ಜೀವಕ್ಕೇ ಕುತ್ತು.

ಊರಿನಲ್ಲಿರುವ ಮಗನ ಮೊಣಕಾಲು

ಗಲ್ಫ್‌ನಲ್ಲಿರುವ ಅಪ್ಪಂದಿರಿಗೆ ಇನ್ನೊಂದು ಬಗೆಯ ಕರೆ ಬರಬಹುದು. ಹೈಸ್ಕೂಲ್ ಮಗನಿಗೆ ಮೊಣಕಾಲು ನೋವು, ಕಬಡ್ಡಿ ಆಡುವಾಗ ಬಿದ್ದದ್ದಿರಬೇಕು ಎಂದು ಮನೆಯವರ ಅಂದಾಜು. ಬಹಳ ಸಲ ಅದು ನಿಜವೂ ಹೌದು. ಆದರೆ ಆಸ್ಟಿಯೋಸಾರ್ಕೋಮಾ ಎಂಬ ಮೂಳೆ ಕ್ಯಾನ್ಸರ್ ಹೆಚ್ಚಾಗಿ ಬರುವುದು ಹದಿಹರೆಯದಲ್ಲೇ, ಅದೂ ಮೊಣಕಾಲಿನ ಸುತ್ತಮುತ್ತಲೇ. ವಾರಗಳಾದರೂ ಹೋಗದ ನೋವು, ರಾತ್ರಿ ಎಚ್ಚರ ಮಾಡುವ ನೋವು, ಜೊತೆಗೆ ಊತ ಇದ್ದರೆ ಒಂದು ಎಕ್ಸ್-ರೇ ತೆಗೆಸಲೇಬೇಕು. ತಾಲ್ಲೂಕು ಆಸ್ಪತ್ರೆಯಲ್ಲೂ ಆಗುವ ಈ ಪರೀಕ್ಷೆಗೆ ಮೊದಲೇ ಮೂಳೆ ಕಟ್ಟುವವರ ಹತ್ತಿರ ಹೋಗಿ ಉಜ್ಜಿಸಿ, ಪಟ್ಟಿ ಕಟ್ಟಿಸಿದರೆ ಸಮಯ ಹಾಳು, ಹಾನಿಯೂ ಹೆಚ್ಚು.

ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಮೊದಲು ಸುಮಾರು ಹತ್ತು ವಾರ ಕಿಮೊಥೆರಪಿ, ನಂತರ ಆಪರೇಷನ್, ಮತ್ತೆ ಕಿಮೊಥೆರಪಿ. ಎಲ್ಲ ಸೇರಿ ಆರು ತಿಂಗಳ ಮೇಲಾಗುತ್ತದೆ. ಆಪರೇಷನ್ ಒಂದರಿಂದಲೇ ಗುಣವಾಗುತ್ತಿದ್ದವರು ಹಿಂದೆ ಐವರಲ್ಲಿ ಒಬ್ಬರೂ ಇರಲಿಲ್ಲ. ಕಿಮೊಥೆರಪಿ ಸೇರಿದ ಮೇಲೆ, ಬೇರೆ ಕಡೆ ಹರಡದಿದ್ದರೆ, ಹತ್ತರಲ್ಲಿ ಆರೇಳು ಮಂದಿ ದೀರ್ಘಕಾಲ ಬದುಕುವಂತಾಗಿದೆ. ಅರ್ಧಕ್ಕೆ ಬಿಟ್ಟರೆ ಈ ಲಾಭ ಇಲ್ಲ.

ಕ್ಯಾನ್ಸರ್ ಇರುವ ಮೂಳೆಯ ತುಂಡು ತೆಗೆದ ಮೇಲೆ ಆ ಖಾಲಿ ಜಾಗ ತುಂಬಲು ಹಲವು ದಾರಿಗಳಿವೆ. ಲೋಹದ ದೊಡ್ಡ ಕೃತಕ ಕೀಲು, ಅಂದರೆ ಮೆಗಾಪ್ರೋಸ್ಥೆಸಿಸ್ ಹಾಕಿದರೆ ಬೇಗ ನಡೆಯಬಹುದು. ಭಾರತದಲ್ಲೇ ತಯಾರಾಗುವವು ಆಮದಿನವಕ್ಕಿಂತ ಬಹಳ ಅಗ್ಗ. ಆದರೆ ಅದು ಯಂತ್ರದ ಬಿಡಿಭಾಗದ ಹಾಗೆ, ವರ್ಷಗಳ ನಂತರ ಸವೆಯಬಹುದು, ಸಡಿಲವಾಗಬಹುದು, ಸೋಂಕಾದರೆ ಮತ್ತೆ ಆಪರೇಷನ್. ಇನ್ನೊಂದು ದಾರಿ, ತೆಗೆದ ಅದೇ ಮೂಳೆಗೆ ದೇಹದ ಹೊರಗೆ ಭಾರೀ ವಿಕಿರಣ ಕೊಟ್ಟು ಕ್ಯಾನ್ಸರ್ ಕೊಂದು, ಅದನ್ನೇ ಮತ್ತೆ ಜೋಡಿಸುವುದು. ಖರ್ಚು ಕಡಿಮೆ, ಆದರೆ ಮೂಳೆ ಕೂಡಿಕೊಳ್ಳಲು ತಿಂಗಳುಗಟ್ಟಲೆ ಕಾಯಬೇಕು. ಬೆಳೆಯುವ ಮಕ್ಕಳಿಗೆ ಉದ್ದ ಹೆಚ್ಚಿಸಬಲ್ಲ ಕೃತಕ ಕೀಲುಗಳಿವೆ, ಬೆಲೆ ದುಬಾರಿ. ರೊಟೇಶನ್‌ಪ್ಲಾಸ್ಟಿ ಎಂಬ ವಿಧಾನವೂ ಇದೆ. ಅದರಲ್ಲಿ ಕಾಲಿನ ಕೆಳಭಾಗವನ್ನು ಹಿಂದುಮುಂದಾಗಿ ತಿರುಗಿಸಿ ಮೇಲಕ್ಕೆ ಜೋಡಿಸುತ್ತಾರೆ. ಪಾದದ ಗಿಣ್ಣು ಮೊಣಕಾಲಿನ ಕೆಲಸ ಮಾಡುತ್ತದೆ, ಅದಕ್ಕೆ ಕೃತಕ ಕಾಲು ಹಾಕುತ್ತಾರೆ. ನೋಡಲು ವಿಚಿತ್ರ ಎನಿಸಿದರೂ ಈ ಮಕ್ಕಳು ಓಡಿ ಆಡಬಲ್ಲರು.

ಹೊಟ್ಟೆಯೊಳಗಿನ ಸಾರ್ಕೋಮಾ

ಹೊಟ್ಟೆಯ ಹಿಂಭಾಗದಲ್ಲಿ ಬೆಳೆಯುವ ಸಾರ್ಕೋಮಾ ಬಹಳ ದೊಡ್ಡದಾಗುವವರೆಗೂ ಗೊತ್ತಾಗುವುದಿಲ್ಲ. ಇಲ್ಲಿ ಗಡ್ಡೆಗೆ ಅಂಟಿಕೊಂಡ ಮೂತ್ರಪಿಂಡವನ್ನೋ ಕರುಳಿನ ತುಂಡನ್ನೋ ಜೊತೆಗೇ ತೆಗೆಯಬೇಕಾಗಬಹುದು. 2020ರಲ್ಲಿ ಪ್ರಕಟವಾದ ಸ್ಟ್ರಾಸ್ ಎಂಬ ಅಂತರರಾಷ್ಟ್ರೀಯ ಅಧ್ಯಯನದ ಒಟ್ಟು ಫಲಿತಾಂಶದಲ್ಲಿ, ಈ ಬಗೆಗೆ ಮೊದಲೇ ವಿಕಿರಣ ಕೊಟ್ಟದ್ದರಿಂದ ಲಾಭ ಕಾಣಲಿಲ್ಲ. ಅಂದರೆ ಇಲ್ಲಿ ಭಾರವೆಲ್ಲ ಮೊದಲ ಆಪರೇಷನ್ ಮೇಲೆಯೇ.

ಜಠರ, ಸಣ್ಣ ಕರುಳಿನಲ್ಲಿ ಬರುವ ಜಿಸ್ಟ್ ಎಂಬ ಬಗೆಯಲ್ಲಿ ಚಿತ್ರ ಬೇರೆ. ಇದಕ್ಕೆ ಇಮ್ಯಾಟಿನಿಬ್ ಎಂಬ ಮಾತ್ರೆ ಕೆಲಸ ಮಾಡುತ್ತದೆ. ದೊಡ್ಡ ಗಡ್ಡೆಯನ್ನು ಮಾತ್ರೆಯಿಂದ ಕುಗ್ಗಿಸಿ ಆಮೇಲೆ ಆಪರೇಷನ್ ಮಾಡುವುದುಂಟು. ಮರಳಿ ಬರುವ ಅಪಾಯ ಹೆಚ್ಚಿದ್ದರೆ ಆಪರೇಷನ್ ನಂತರ ಮೂರು ವರ್ಷ ಮಾತ್ರೆ. 2013ರ ಏಪ್ರಿಲ್ 1ರಂದು ಭಾರತದ ಸುಪ್ರೀಂ ಕೋರ್ಟ್ ಈ ಔಷಧಿಯ ಮೇಲಿನ ನೊವಾರ್ಟಿಸ್ ಕಂಪನಿಯ ಪೇಟೆಂಟ್ ಅರ್ಜಿಯನ್ನು ತಳ್ಳಿಹಾಕಿತು. ಅದರಿಂದ ಜನೆರಿಕ್ ಮಾತ್ರೆ ಭಾರತದಲ್ಲಿ ಅಗ್ಗದಲ್ಲಿ ಸಿಗುವುದು ಮುಂದುವರಿಯಿತು. ಗಲ್ಫ್‌ನಲ್ಲಿ ಕೆಲಸ ಮುಂದುವರಿಸಿ ಊರಿನಿಂದ ಮಾತ್ರೆ ತರಿಸಿಕೊಳ್ಳುವವರು ಪ್ರಿಸ್ಕ್ರಿಪ್ಷನ್, ಆಸ್ಪತ್ರೆ ಪತ್ರ ಜೊತೆಗಿಟ್ಟುಕೊಂಡು, ಆಯಾ ದೇಶದ ಔಷಧಿ ನಿಯಮ ಕೇಳಿಯೇ ತರಿಸಬೇಕು.

ಇಲ್ಲಿಯೋ, ಊರಿನಲ್ಲಿಯೋ?

ಗಲ್ಫ್‌ನಲ್ಲಿ ಒಳ್ಳೆಯ ಕ್ಯಾನ್ಸರ್ ಕೇಂದ್ರಗಳಿಲ್ಲ ಎಂಬ ಮಾತು ಸರಿಯಲ್ಲ. ಅಲ್ ಐನ್‌ನ ತವಾಮ್, ರಿಯಾದ್‌ನ ಕಿಂಗ್ ಫೈಸಲ್ ಸ್ಪೆಷಲಿಸ್ಟ್, ಕುವೈತ್ ಕ್ಯಾನ್ಸರ್ ಕಂಟ್ರೋಲ್ ಸೆಂಟರ್, ದೋಹಾದ ಹಮದ್ ಆಸ್ಪತ್ರೆ ಸಮೂಹದ ಕ್ಯಾನ್ಸರ್ ಕೇಂದ್ರ, ಮಸ್ಕತ್‌ನ ಸುಲ್ತಾನ್ ಖಾಬೂಸ್ ಕ್ಯಾನ್ಸರ್ ಕೇಂದ್ರ ಎಲ್ಲವೂ ಹೆಸರಾದವು. ಪ್ರಶ್ನೆ ಇರುವುದು ಪ್ರವಾಸಿ ಕಾರ್ಮಿಕನ ವಿಮೆ, ರೆಫರಲ್ ಅಲ್ಲಿಯವರೆಗೆ ತಲುಪುತ್ತದೆಯೇ ಎಂಬುದರಲ್ಲಿ. ದುಬೈಯ ಮೂಲ ವಿಮೆಯಡಿ ಬಂದ ಬಸ್ಮಾ ಯೋಜನೆ ಮೊದಲು ಕೈಗೆತ್ತಿಕೊಂಡದ್ದು ಸ್ತನ, ದೊಡ್ಡ ಕರುಳು ಮತ್ತು ಗರ್ಭಕಂಠದ ಕ್ಯಾನ್ಸರ್‌ಗಳನ್ನು. ಹೆಚ್ಚು ಜನರಿಗೆ ಬರುವ ಕಾಯಿಲೆಗೆ ಮೊದಲ ಸ್ಥಾನ ಸಿಗುವುದು ಸಹಜ. ಆದರೆ ಅಪರೂಪದ ಕಾಯಿಲೆಯವನು ತನ್ನ ಪಾಲಿಸಿಯ ವಾರ್ಷಿಕ ಮಿತಿ, ಆಸ್ಪತ್ರೆಗಳ ಪಟ್ಟಿ, ಮುಂಗಡ ಅನುಮತಿ ಈ ಮೂರನ್ನೂ ಎಚ್‌ಆರ್ ಹತ್ತಿರ ಕೇಳಿ ತಿಳಿಯಬೇಕಾಗುತ್ತದೆ.

ಕನಿಷ್ಠ ಎಂಆರ್‌ಐ ಇಲ್ಲೇ, ಕಾರ್ಡ್ ಮೇಲೆ ಆಗುವುದಾದರೆ ಮಾಡಿಸಿಕೊಳ್ಳುವುದು ಲಾಭ. ಟಾಟಾ ಮೆಮೋರಿಯಲ್ ಸೆಂಟರ್ ಜೊತೆ ಸೇರಿ ನಡೆಯುವ ನವ್ಯಾ ಎಂಬ ಆನ್‌ಲೈನ್ ಸೇವೆಯ ಮೂಲಕ ವರದಿಗಳನ್ನು ಕಳುಹಿಸಿ ತಜ್ಞರ ಅಭಿಪ್ರಾಯ ಪಡೆಯಬಹುದು. ಟಿಕೆಟ್ ತೆಗೆಯುವ ಮೊದಲೇ ಎಲ್ಲಿಗೆ ಹೋಗಬೇಕು, ಏನು ತರಬೇಕು ಎಂಬುದು ಗೊತ್ತಾದರೆ ಅರ್ಧ ಅಲೆದಾಟ ತಪ್ಪಿದಂತೆ.

ರಜೆಯ ಲೆಕ್ಕವೂ ಗೊತ್ತಿರಬೇಕು. ಯುಎಇ ಕಾನೂನಿನಲ್ಲಿ ಪ್ರೊಬೇಷನ್ ಮುಗಿದವರಿಗೆ ವರ್ಷಕ್ಕೆ 90 ದಿನ ಅನಾರೋಗ್ಯ ರಜೆ: 15 ದಿನ ಪೂರ್ಣ ಸಂಬಳ, 30 ದಿನ ಅರ್ಧ ಸಂಬಳ, 45 ದಿನ ಸಂಬಳವಿಲ್ಲ. ಸೌದಿಯಲ್ಲಿ 30 ದಿನ ಪೂರ್ಣ, 60 ದಿನ ಮುಕ್ಕಾಲು, 30 ದಿನ ಸಂಬಳವಿಲ್ಲ. ಈ ರಜೆ ಮುಗಿಯುವ ಮೊದಲು ಕಾಯಿಲೆಯ ಕಾರಣಕ್ಕೆ ಕೆಲಸದಿಂದ ತೆಗೆಯುವಂತಿಲ್ಲ. ಆದರೆ ಐದು ವಾರ ವಿಕಿರಣ, ಆಮೇಲಿನ ಕಾಯುವಿಕೆ, ಆಪರೇಷನ್, ಗಾಯ ಒಣಗುವುದು ಎಲ್ಲ ಕೂಡಿದರೆ 90 ದಿನ ದಾಟುತ್ತದೆ. ಹಾಗಾಗಿ ಕೋಪದಲ್ಲೋ ಹೆದರಿಕೆಯಲ್ಲೋ ರಾಜೀನಾಮೆ ಬರೆದುಕೊಟ್ಟು ವಿಮಾನ ಹತ್ತುವ ಬದಲು, ವೈದ್ಯರ ಪತ್ರ ಕೊಟ್ಟು ರಜೆಯನ್ನು ಬರಹದಲ್ಲಿ ಪಡೆಯುವುದು ಲೇಸು. ವೀಸಾ ರದ್ದಾದರೆ ಇಲ್ಲಿನ ವಿಮೆಯೂ ಹೋಯಿತು.

ಊರಿನಲ್ಲಿ ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಮೂಳೆ ಮತ್ತು ಮೃದು ಅಂಗಾಂಶದ ಗಡ್ಡೆಗಳಿಗೇ ಪ್ರತ್ಯೇಕ ತಂಡವಿದೆ. ಬೆಂಗಳೂರಿನಲ್ಲಿ 1973ರಿಂದ ಇರುವ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ರಾಜ್ಯದ ಮುಖ್ಯ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಕರಾವಳಿಯವರಿಗೆ ಕೊಂಕಣ ರೈಲಿನಲ್ಲಿ ಮುಂಬೈ ಹತ್ತಿರ, ಕಲ್ಯಾಣ ಕರ್ನಾಟಕದವರಿಗೆ ಕಿದ್ವಾಯಿಯ ಕಲಬುರಗಿ ಕೇಂದ್ರ ಮೊದಲ ಮೆಟ್ಟಿಲಾಗಬಹುದು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ, ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಂತೆ 1.5 ಲಕ್ಷದವರೆಗೆ ನೆರವಿದೆ. ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು, ತುರ್ತು ಚಿಕಿತ್ಸೆಗೆ ಮಾತ್ರ ವಿನಾಯಿತಿ. ಇಸಿಆರ್ ಪಾಸ್‌ಪೋರ್ಟ್‌ನಲ್ಲಿ ಬಂದವರು ಕಟ್ಟಿರುವ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷ ಅಪಘಾತದ ಸಾವು, ಶಾಶ್ವತ ಅಂಗವೈಕಲ್ಯಕ್ಕೆ. ಅದರಲ್ಲಿ ಚಿಕಿತ್ಸೆಯ ಭಾಗ 1 ಲಕ್ಷದವರೆಗೆ ಮಾತ್ರ. ತೀರಾ ಕಷ್ಟದಲ್ಲಿರುವವರು ಭಾರತೀಯ ರಾಯಭಾರ ಕಚೇರಿಯಲ್ಲಿ ಸಮುದಾಯ ಕಲ್ಯಾಣ ನಿಧಿಯ ನೆರವು ಕೇಳಬಹುದು. 2009ರಲ್ಲಿ ಶುರುವಾದ ಈ ನಿಧಿಯಲ್ಲಿ ತುರ್ತು ಚಿಕಿತ್ಸೆ, ಊರಿಗೆ ಹೋಗುವ ಟಿಕೆಟ್‌ಗೆ ಅವಕಾಶವಿದೆ.

2025ರ ಕೇಂದ್ರ ಬಜೆಟ್‌ನಲ್ಲಿ ಮೂರು ವರ್ಷದೊಳಗೆ ಎಲ್ಲ ಜಿಲ್ಲಾಸ್ಪತ್ರೆಗಳಲ್ಲಿ ಡೇ ಕೇರ್ ಕ್ಯಾನ್ಸರ್ ಕೇಂದ್ರ ತೆರೆಯುವುದಾಗಿ ಘೋಷಣೆಯಾಯಿತು. ಅದೇ ವರ್ಷ ಕರ್ನಾಟಕ ಸರ್ಕಾರವೂ ಜಿಲ್ಲಾ ಮಟ್ಟದಲ್ಲಿ ಡೇ ಕೇರ್ ಕಿಮೊಥೆರಪಿ ಕೇಂದ್ರಗಳನ್ನು ಆರಂಭಿಸಿತು. ಇದು ನಿಜಕ್ಕೂ ಒಳ್ಳೆಯದು. ಸಾಧ್ಯವಾದ ಕಿಮೊ ಹತ್ತಿರದಲ್ಲೇ ಆದರೆ ಬಸ್ಸು, ಲಾಡ್ಜು, ಊಟದ ಖರ್ಚು ಉಳಿಯುತ್ತದೆ. ಆದರೆ ಸಾರ್ಕೋಮಾ ಆಪರೇಷನ್‌ಗೆ ಸರ್ಜನ್, ರೇಡಿಯಾಲಜಿಸ್ಟ್, ಪ್ಯಾಥಾಲಜಿಸ್ಟ್, ವಿಕಿರಣ ತಜ್ಞರು ಒಂದೇ ಮೇಜಿನ ಸುತ್ತ ಕೂತು ಮಾತಾಡುವ ತಂಡ ಬೇಕು. ಅದು ಪ್ರತಿ ಜಿಲ್ಲೆಯಲ್ಲಿ ಸಾಧ್ಯವಿಲ್ಲ, ಆಗಬೇಕಾಗಿಯೂ ಇಲ್ಲ. ಆಗಬೇಕಾದದ್ದು ಜಿಲ್ಲೆಯಿಂದ ಆ ತಂಡದವರೆಗೆ ಬೇಗ ಕಳುಹಿಸುವ ದಾರಿ. ಆಪರೇಷನ್ ದೂರದ ದೊಡ್ಡ ಕೇಂದ್ರದಲ್ಲಿ, ಉಳಿದ ಚಿಕಿತ್ಸೆ ಮನೆ ಹತ್ತಿರ ಎಂಬ ಹಂಚಿಕೆ ಬಡ ಕುಟುಂಬಕ್ಕೂ ನಿಭಾಯಿಸಲು ಸಾಧ್ಯ.

ಆಪರೇಷನ್‌ಗೆ ಸಹಿ ಹಾಕುವ ಮೊದಲು

ರೋಗಿ ಅಥವಾ ಮನೆಯವರು ಈ ಪ್ರಶ್ನೆಗಳನ್ನು ಸಂಕೋಚವಿಲ್ಲದೆ ಕೇಳಬಹುದು.

ಎಂಆರ್‌ಐ ಆಗಿದೆಯೇ, ಬಯಾಪ್ಸಿ ವರದಿ ಬಂದಿದೆಯೇ? ಯಾವ ಬಗೆಯ ಸಾರ್ಕೋಮಾ, ಯಾವ ದರ್ಜೆ? ಶ್ವಾಸಕೋಶಕ್ಕೆ ಹರಡಿದೆಯೇ ಎಂದು ನೋಡಿದ್ದೀರಾ? ಈ ಆಸ್ಪತ್ರೆಯಲ್ಲಿ ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಆಗುತ್ತದೆ? ಕಾಲು ಉಳಿಸಲು ಸಾಧ್ಯವೇ, ಇಲ್ಲವಾದರೆ ಕಾರಣ ಏನು? ವಿಕಿರಣ ಮೊದಲೋ ಆಮೇಲೋ? ಮತ್ತೆ ಮೊದಲಿನ ಕೆಲಸ ಮಾಡಬಹುದೇ?

ಈಗಾಗಲೇ ಎಲ್ಲೋ ಗಂಟು ತೆಗೆಸಿಯಾಗಿದ್ದು, ವರದಿಯಲ್ಲಿ ಸಾರ್ಕೋಮಾ ಬಂದಿದ್ದರೆ ಎಲ್ಲ ಮುಗಿಯಿತೆಂದು ಕೂರಬೇಕಿಲ್ಲ. ಆಪರೇಷನ್ ಟಿಪ್ಪಣಿ, ಪ್ಯಾಥಾಲಜಿ ವರದಿ, ಹಳೆಯ ಸ್ಕ್ಯಾನ್, ಮುಖ್ಯವಾಗಿ ಸ್ಲೈಡ್ ಮತ್ತು ಮೇಣದ ಬ್ಲಾಕ್‌ಗಳನ್ನು ಆ ಆಸ್ಪತ್ರೆಯಿಂದ ಕೇಳಿ ಪಡೆದು ತಜ್ಞ ಕೇಂದ್ರಕ್ಕೆ ಹೋಗಬೇಕು. ಸರಿಯಾಗಿ ಮಾಡಿದ ಎರಡನೇ ಆಪರೇಷನ್‌ನಿಂದ ಗುಣವಾದವರು ಅನೇಕರಿದ್ದಾರೆ. ಶ್ವಾಸಕೋಶಕ್ಕೆ ಒಂದೆರಡು ಚಿಕ್ಕ ಗಂಟು ಹರಡಿದವರಲ್ಲೂ ಅವುಗಳನ್ನು ಆಪರೇಷನ್ ಮಾಡಿ ತೆಗೆದು ಗುಣಪಡಿಸಲು ಕೆಲವೊಮ್ಮೆ ಸಾಧ್ಯ.

ಚಿಕಿತ್ಸೆ ಮುಗಿದು ಗಲ್ಫ್‌ಗೆ ಮರಳಿದವರು ಮೊದಲ ಎರಡು ಮೂರು ವರ್ಷ ಮೂರು ನಾಲ್ಕು ತಿಂಗಳಿಗೊಮ್ಮೆ ಆಪರೇಷನ್ ಆದ ಜಾಗ ಮತ್ತು ಶ್ವಾಸಕೋಶ ತೋರಿಸಬೇಕು. ಪ್ರತಿ ಸಲ ಊರಿಗೆ ಹೋಗಲಾಗದವರು ಇಲ್ಲೇ ಎಕ್ಸ್-ರೇ, ಸಿಟಿ ಮಾಡಿಸಿ ಚಿತ್ರಗಳನ್ನು ತಮ್ಮ ವೈದ್ಯರಿಗೆ ಕಳುಹಿಸಬಹುದು. ಕೃತಕ ಕೀಲು ಹಾಕಿಸಿಕೊಂಡವರಿಗೆ ಭಾರ ಹೊರುವ, ಏಣಿ ಹತ್ತುವ ಕೆಲಸ ಆಗದು. ಸ್ಟೋರ್, ಗೇಟ್, ಆಫೀಸ್ ಕಡೆ ಕೆಲಸ ಬದಲಿಸಿಕೊಡಿ ಎಂದು ಕಂಪನಿಯನ್ನು ಕೇಳುವಾಗ ವೈದ್ಯರ ಪತ್ರ ಕೈಯಲ್ಲಿರಲಿ.

ಗಲ್ಫ್‌ನ ಕನ್ನಡ ಸಂಘಗಳು ವರ್ಷಕ್ಕೊಮ್ಮೆಯಾದರೂ ರಕ್ತದಾನ, ಬಿಪಿ ಶುಗರ್ ತಪಾಸಣೆ ಶಿಬಿರ ನಡೆಸುತ್ತವೆ. ಬಂದವರ ಕೈಗೆ ಬಿಪಿ ಪಟ್ಟಿ ಕಟ್ಟುವಾಗ ಇನ್ನೊಂದು ಮಾತು ಕೇಳಲು ಖರ್ಚೇನೂ ಇಲ್ಲ: "ಅಣ್ಣ, ಮೈಯಲ್ಲಿ ಎಲ್ಲಾದರೂ ಬೆಳೀತಾ ಇರೋ ಗಂಟು ಇದೆಯಾ?" ನೂರು ಮಂದಿ "ಇಲ್ಲ" ಎನ್ನಬಹುದು. "ಇದೆ, ಆದರೆ ನೋವಿಲ್ಲ" ಎಂದವನನ್ನು ಮಾತ್ರ ಹಾಗೇ ಕಳುಹಿಸದೆ, ಎಂಆರ್‌ಐಗೆ ಬರೆಸಿಕೊಟ್ಟು ಕಳುಹಿಸಬೇಕು.